ಚೀಟಿಯ ಹಿಂದಿನ ಹಕ್ಕಿ

ಆ ಊರಿನಲ್ಲಿ ಗುರುತಿನ ಚೀಟಿ ಜೇಬಿನಲ್ಲಿಟ್ಟುಕೊಂಡು ಓಡಾಡುವ ಯಾರನ್ನೇ ನಿಲ್ಲಿಸಿ ಕೇಳಿ, ಒಂದಲ್ಲ ಒಂದು ಸಲ ಗದ್ದಣ್ಣನ ಸ್ಟೂಲಿನ ಮೇಲೆ ಕೂತು ಎದ್ದವರೇ ಆಗಿರುತ್ತಾರೆ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಸ್ಟುಡಿಯೋದ ಬೋರ್ಡಿನ ಮೇಲೆ ಅದನ್ನು ಬರೆಸಿಯೂ ಇದ್ದ. ಕಡಲ ಉಪ್ಪುಗಾಳಿ ಹತ್ತು ವರ್ಷದ ಹಿಂದೆಯೇ ಅದನ್ನು ತಿಂದುಹಾಕಿತು. ಕ್ಯಾಮೆರಾದ ಹಿಂದೆ ನಿಂತ ಕೂಡಲೇ "ಗದ್ದ ಸ್ವಲ್ಪ ಮೇಲೆ... ಹಾಂ, ಸಾಕು, ಅಲ್ಲಾಡಬೇಡಿ" ಎನ್ನುವುದು ಅವನ ವಾಡಿಕೆ. ಹಾಗಾಗಿ ಊರಿಗೆ ಅವನು ಗದ್ದಣ್ಣನಾದ. ಮೊದಮೊದಲು ಮುಖ ಊದಿಸಿಕೊಳ್ಳುತ್ತಿದ್ದವನು ಆಮೇಲೆ ಫೋನ್ ಎತ್ತಿಕೊಂಡು ತಾನೇ "ಗದ್ದಣ್ಣ ಮಾತಾಡ್ತಿರೋದು" ಅನ್ನತೊಡಗಿದ.

ಗದ್ದಣ್ಣನಿಗೆ ಹೆಸರು ತಂದುಕೊಟ್ಟದ್ದು ಫೋಟೋ ತೆಗೆಯುವ ಕೆಲಸವಲ್ಲ, ತೆಗೆದ ಮೇಲಿನ ಕೆಲಸ. ಗಂಡ ಹೆಂಡತಿ ಇಬ್ಬರೂ ಅದನ್ನು 'ತೊಳೆಯುವುದು' ಎನ್ನುತ್ತಿದ್ದರು. ಮೊಡವೆ, ಗಾಯದ ಗುರುತು, ನಿದ್ದೆಗೆಟ್ಟ ಕಣ್ಣಿನ ಕೆಳಗಿನ ಕಪ್ಪು, ಅಂಗಿಯ ಕಾಲರಿನ ಕೊಳೆ ಎಲ್ಲವನ್ನೂ ಕಂಪ್ಯೂಟರಿನ ಮುಂದೆ ಕೂತು ಒಂದೊಂದಾಗಿ ಒರೆಸಿ ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ಬಂದ ಗಿರಾಕಿ ತನ್ನ ಫೋಟೋ ನೋಡಿ "ಪರವಾಗಿಲ್ವೇ ನಾನು!" ಅಂದುಕೊಂಡು ಎದೆ ಸೆಟೆಸಿ ಹೊರಗೆ ಹೋಗಬೇಕು, ಅಷ್ಟಾದರೆ ಗದ್ದಣ್ಣನಿಗೆ ಹೊಟ್ಟೆ ತುಂಬಿದಂತೆ. ತೊಳೆದ ಚಿತ್ರವನ್ನು ತೊಳೆಯದ ಚಿತ್ರದ ಮೇಲೆಯೇ ಉಳಿಸುತ್ತಿದ್ದ, ಸಂಜೆ ಬಾಗಿಲು ಹಾಕುವ ಮೊದಲು ಕ್ಯಾಮೆರಾದ ಕಾರ್ಡನ್ನೂ ಖಾಲಿ ಮಾಡುತ್ತಿದ್ದ. ಗಿರಾಕಿಯ ಕಲೆ ಗಿರಾಕಿಯ ಗುಟ್ಟು, ಅದು ನಮ್ಮಲ್ಲಿ ಉಳಿಯಬಾರದು ಎಂಬುದು ಅವನ ಹಟ.

ತೊಳೆಯುವುದಕ್ಕೆ ಮುಂಚೆ ಮಾತ್ರ ಒಂದು ಸಣ್ಣ ಕೆಲಸವಿತ್ತು, ಅದು ಹೆಂಡತಿಯದು. ಪರದೆಯ ಮೇಲೆ ಕಾಣುವ ಬಣ್ಣವೇ ಬೇರೆ, ಕಾಗದದ ಮೇಲೆ ಬರುವ ಬಣ್ಣವೇ ಬೇರೆ. ಆದ್ದರಿಂದ ಅವಳು ಹಸಿ ಫೋಟೋವನ್ನು ಅಂಗೈಯಗಲದ ತುಂಡು ಕಾಗದದಲ್ಲಿ ಒಂದು ಸಲ ಪ್ರಿಂಟು ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, "ಹಳದಿ ಜಾಸ್ತಿಯಾಯ್ತು ನೋಡ್ರೀ" ಎಂದೋ "ಕಾಮಾಲೆ ಬಂದವರ ಥರ ಇದ್ದಾರೆ" ಎಂದೋ ತೀರ್ಪು ಕೊಡುತ್ತಿದ್ದಳು. ಆ ತುಂಡನ್ನು ಹರಿದು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಬೇಕೆಂಬುದು ಗಂಡನ ಕಟ್ಟಪ್ಪಣೆ. ಕಂಪ್ಯೂಟರು ಬಂದಾಗಿನಿಂದ ಹಾಗೇ ನಡೆಯುತ್ತಿದೆ ಎಂದು ಅವನು ನಂಬಿದ್ದ.

ಸ್ಟುಡಿಯೋ ತೆರೆಯುವುದು ಹತ್ತಕ್ಕೆ. ಅದಕ್ಕೂ ಮುಂಚಿನ ಮೂರು ಗಂಟೆ ಗದ್ದಣ್ಣ ಯಾರ ಮಾತಿಗೂ ಸಿಗುವವನಲ್ಲ. ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಹೆಂಡತಿ ಹೊಲಿದುಕೊಟ್ಟ ಚೀಲಕ್ಕೆ ಮರಳು ತುಂಬಿ, ಅದರ ಮೇಲೆ ಉದ್ದ ಲೆನ್ಸಿನ ಕ್ಯಾಮೆರಾ ಇಟ್ಟು, ಕಡಲ ದಂಡೆಯಲ್ಲಿ ಬೋರಲು ಬಿದ್ದುಕೊಂಡಿರುತ್ತಿದ್ದ. ಬೆಳ್ಳಕ್ಕಿ, ಮಿಂಚುಳ್ಳಿ, ಬಿಲದಿಂದ ಇಣುಕುವ ಏಡಿ, ಅಳಿವೆಯ ಕಡೆ ಯಾವಾಗಲೋ ಒಮ್ಮೆ ತಲೆ ತೋರಿಸುವ ನೀರುನಾಯಿ ಯಾವುದನ್ನೂ ಬಿಟ್ಟವನಲ್ಲ. ಅಭ್ಯಾಸಬಲ ನೋಡಿ, ಅವಕ್ಕೂ ಮೆಲ್ಲಗೆ "ಗದ್ದ ಮೇಲೆ" ಅನ್ನುತ್ತಿದ್ದ. ಗಿರಾಕಿಗಳಿಗಿಂತ ಏಡಿಗಳೇ ಹೇಳಿದ ಮಾತು ಕೇಳುತ್ತವೆ ಎಂದು ಹೆಂಡತಿಯ ಹತ್ತಿರ ಬಂದು ಹೇಳುತ್ತಿದ್ದ.

ಎಲ್ಲಕ್ಕಿಂತ ಅವನ ಜೀವ ಇದ್ದದ್ದು ಒಂದು ಹಿಡಿಗಾತ್ರದ ಹಕ್ಕಿಯ ಮೇಲೆ. ಬೆನ್ನು ಮರಳಿನ ಬಣ್ಣ, ಹೊಟ್ಟೆ ಬಿಳಿ, ಕಡ್ಡಿಯಂಥ ಕಾಲು. ಹಾರುವುದಕ್ಕಿಂತ ಓಡುವುದೇ ಜಾಸ್ತಿ, ಓಡುತ್ತ ಓಡುತ್ತ ಏನೋ ಮರೆತಂತೆ ಗಕ್ಕನೆ ನಿಲ್ಲುತ್ತದೆ. ಪುಸ್ತಕದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿದ್ದರೂ ಇವರ ಮನೆಯಲ್ಲಿ ಅದು 'ಓಡುಗಾಲಿ'. ಓಡುಗಾಲಿಗೆ ಗೂಡು ಕಟ್ಟುವಷ್ಟು ವ್ಯವಧಾನವಿಲ್ಲ. ಒಣಮರಳಿನಲ್ಲಿ ಎದೆಯಿಂದ ಒಂದು ಬಟ್ಟಲಷ್ಟು ಗುಳಿ ಮಾಡಿ, ಸುತ್ತ ನಾಲ್ಕು ಕಪ್ಪೆಚಿಪ್ಪಿನ ಚೂರು ಇಟ್ಟು, ಮೂರು ಮೊಟ್ಟೆ ಹಾಕಿಬಿಡುತ್ತದೆ. ಮೊಟ್ಟೆಯ ಮೇಲೆಲ್ಲ ಕಪ್ಪು ಚುಕ್ಕೆ, ಗೀರು. ಎರಡು ಹೆಜ್ಜೆ ಹಿಂದೆ ಸರಿದರೆ ಮೊಟ್ಟೆ ಯಾವುದು ಮರಳು ಯಾವುದು ಗೊತ್ತಾಗುವುದಿಲ್ಲ. ಯಾರಾದರೂ ಹತ್ತಿರ ಬಂದರೆ ತಾಯಿಹಕ್ಕಿ ರೆಕ್ಕೆ ಮುರಿದವಳಂತೆ ನೆಲದ ಮೇಲೆ ತೆವಳುತ್ತ, ಚೀರುತ್ತ, ಅವರನ್ನು ಬೇರೆ ಕಡೆಗೆ ಎಳೆದುಕೊಂಡು ಹೋಗುತ್ತದೆ. ಮನುಷ್ಯರು, ನಾಯಿಗಳು ಎಲ್ಲರೂ ಈ ನಾಟಕಕ್ಕೆ ಮೋಸಹೋಗುತ್ತಾರೆ. ಟ್ರ್ಯಾಕ್ಟರು ಮೋಸಹೋಗುವುದಿಲ್ಲ.

ಟ್ರ್ಯಾಕ್ಟರು ಪುರಸಭೆಯದು. ಪ್ರವಾಸಿಗರು ಬರುವ ಕಾಲ ಹತ್ತಿರವಾಯಿತೆಂದು ಹಿಂದೆ ಕಬ್ಬಿಣದ ದೊಡ್ಡ ಬಾಚಣಿಗೆಯಂಥದ್ದು ಕಟ್ಟಿಕೊಂಡು ದಂಡೆಯ ಕಸ ಬಾಚುತ್ತ, ಪ್ರತಿ ಮಂಗಳವಾರ ಬಂಡೆಗಳ ಪಕ್ಕದ ಮರಳಿಗೆ ಬರುತ್ತಿತ್ತು. ನೀರಿನ ಅಂಚಿನಲ್ಲೇ ಓಡಿಸಬೇಕು ಎಂದು ಗುತ್ತಿಗೆಯ ಕಾಗದದಲ್ಲಿತ್ತು. ಆದರೆ ಹಸಿಮರಳಿನಲ್ಲಿ ಚಕ್ರ ಹೂತುಹೋಗುತ್ತದೆ, ಡ್ರೈವರ್ ಮೇಲಿನ ಒಣಮರಳಿಗೆ ಹತ್ತಿಸುತ್ತಿದ್ದ. ಓಡುಗಾಲಿ ಜೋಡಿಯ ಮೊದಲ ಗೂಡು ಹಾಗೆಯೇ ಹೋಯಿತು. ಗದ್ದಣ್ಣ ಹೋಗಿ ನೋಡಿದಾಗ ಅಲ್ಲಿ ನುಣ್ಣಗೆ ಬಾಚಿದ ಮರಳು, ಅದರ ಮೇಲೆ ಹಿಂದೆ ಮುಂದೆ ಓಡುತ್ತಿದ್ದ ಎರಡು ಹಕ್ಕಿ. ಅವತ್ತು ಅವನಿಗೆ ಊಟ ಸೇರಲಿಲ್ಲ.

ಜೋಡಿ ಮತ್ತೆ ಅಲ್ಲೇ ನಲವತ್ತು ಹೆಜ್ಜೆ ಆಚೆ ಮೊಟ್ಟೆ ಇಟ್ಟಿತು. ಎರಡು ಮಂಗಳವಾರ ದೂರದಲ್ಲೇ ಹೋದ ಟ್ರ್ಯಾಕ್ಟರು ಮೂರನೆಯ ಮಂಗಳವಾರ ಆ ಮೊಟ್ಟೆಗಳಿಂದ ಒಂದೇ ಗೇಣು ದೂರದಲ್ಲಿ ಹಾದುಹೋಯಿತು. ಮರುದಿನ ಬೆಳಿಗ್ಗೆ ಗದ್ದಣ್ಣ ಜೀವ ಕೈಯಲ್ಲಿ ಹಿಡಿದುಕೊಂಡು ಓಡಿದ. ಮೂರೂ ಮೊಟ್ಟೆ ಇದ್ದವು, ತಾಯಿ ಬಂದು ಕೂತಿತ್ತು. ಎಳೆಬಿಸಿಲು ಅಡ್ಡಬಿದ್ದು ಟಯರಿನ ಅಚ್ಚು, ಬಾಚಣಿಗೆಯ ಗೆರೆ ಎಲ್ಲ ಕೆತ್ತಿದಂತೆ ಕಾಣುತ್ತಿತ್ತು. ದೂರದಿಂದಲೇ ಫೋಟೋ ತೆಗೆದ. ಅಪ್ಪಂಥ ಫೋಟೋ. ಲೆಕ್ಕ ಹಾಕಿದರೆ ಮೊಟ್ಟೆ ಒಡೆಯಲು ಇನ್ನೂ ಹತ್ತು ದಿನ ಬೇಕು, ಟ್ರ್ಯಾಕ್ಟರು ಮತ್ತೆ ಬರಲು ಆರೇ ದಿನ. ಅಷ್ಟರೊಳಗೆ ಪುರಸಭೆಯ ಇಂಜಿನಿಯರಿಗೆ ಈ ಫೋಟೋ ತೋರಿಸಿ ಟ್ರ್ಯಾಕ್ಟರಿನ ದಾರಿ ಬದಲಾಯಿಸಬೇಕು ಎಂದು ಗಟ್ಟಿಮಾಡಿಕೊಂಡ.

ಹೆಂಡತಿ ಸಣ್ಣ ಪ್ರಿಂಟು ತೆಗೆದು "ಬಣ್ಣ ಸರಿಯಾಗಿದೆ" ಅಂದಳು. ಗದ್ದಣ್ಣ ಕಂಪ್ಯೂಟರಿನ ಮುಂದೆ ಕೂತ. ದೊಡ್ಡವರ ಮುಂದೆ ಇಡುವ ಫೋಟೋ, ಅಚ್ಚುಕಟ್ಟಾಗಿರಬೇಕಲ್ಲ. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಚೂರು ತೆಗೆದ, ಒಣಗಿದ ಕಡಲಪಾಚಿ ತೆಗೆದ. ಆಮೇಲೆ ಹಕ್ಕಿಯ ಪಕ್ಕದಲ್ಲೇ ಹಾದುಹೋಗಿ ಕಣ್ಣಿಗೆ ಚುಚ್ಚುತ್ತಿದ್ದ ಆ ಒರಟು ಗೆರೆಗಳು. ರೇಡಿಯೋದಲ್ಲಿ ಯಾವುದೋ ಹಾಡು ಬರುತ್ತಿತ್ತು, ಜೊತೆಗೆ ಗುನುಗುತ್ತ ಅವನ್ನೂ ಒಂದೊಂದಾಗಿ ಒರೆಸಿದ. ತಲೆಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ಕೈ ಮೂವತ್ತು ವರ್ಷದಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿತು. ಸಂಜೆ ಕಾರ್ಡು ಖಾಲಿ ಮಾಡಿ, ಬಾಗಿಲು ಹಾಕಿ, ದೊಡ್ಡ ಪ್ರಿಂಟನ್ನು ಮಗುವಿನ ಹಾಗೆ ಎದೆಗವಚಿಕೊಂಡು ಮನೆಗೆ ಬಂದ.

ಇಂಜಿನಿಯರನ್ನು ಹಿಡಿಯುವಷ್ಟರಲ್ಲಿ ಶುಕ್ರವಾರವಾಯಿತು. ನಲವತ್ತರ ಆಸುಪಾಸಿನ ಮನುಷ್ಯ, ಎಡಗೆನ್ನೆಯ ಮೇಲೆ ಕಡಲೆಕಾಳಿನಷ್ಟು ದೊಡ್ಡ ಮಚ್ಚೆ. ಗದ್ದಣ್ಣನನ್ನು ನೋಡಿದ ಕೂಡಲೇ ಕುರ್ಚಿಗೆ ಒರಗಿಕೊಂಡರು.

"ಓಹೋ, ನೀವಾ! ನನ್ನ ಮಚ್ಚೆ ನುಂಗಿದವರು!"

ಎರಡು ವರ್ಷದ ಹಿಂದಿನ ಕಥೆ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಗುರುತಿನ ಚಿಹ್ನೆ 'ಎಡಗೆನ್ನೆಯ ಮಚ್ಚೆ' ಎಂದು ಬರೆದು, ಮಚ್ಚೆಯೇ ಇಲ್ಲದ ಫೋಟೋ ಅಂಟಿಸಿ ಕಳಿಸಿದ್ದರು. ಅರ್ಜಿ ವಾಪಸು ಬಂತು, ಪ್ರಯಾಣ ತಪ್ಪಿತು. ಗದ್ದಣ್ಣ ಹಲ್ಲು ಕಿರಿದು, ಮಾತು ಬದಲಾಯಿಸಿ, ಫೋಟೋ ಮೇಜಿನ ಮೇಲಿಟ್ಟ. ಟ್ರ್ಯಾಕ್ಟರಿನ ವಿಷಯವನ್ನು ಗಡಿಬಿಡಿಯಲ್ಲಿ ಹೇಳಿ ಮುಗಿಸಿದ.

ಇಂಜಿನಿಯರು ತುಂಬ ಹೊತ್ತು ನೋಡಿದರು. "ಚೆನ್ನಾಗಿದೆ ರೀ. ಗೋಡೆಗೆ ಹಾಕೋ ಹಾಗಿದೆ. ಆದ್ರೆ ಟ್ರ್ಯಾಕ್ಟರ್ ಎಲ್ಲಿ?"

"ಇಲ್ಲೇ ಸಾರ್, ಒಂದು ಗೇಣು..." ಎಂದು ಬೆರಳಿಡಲು ಹೋದ ಗದ್ದಣ್ಣನ ಬೆರಳು ಗಾಳಿಯಲ್ಲೇ ನಿಂತಿತು. ಅಲ್ಲಿ ಹಾಲುಬಿಸಿಲಿನಲ್ಲಿ ಮಲಗಿದ್ದ ಮರಳು, ಒಂದು ಗೀರಿಲ್ಲ.

"ಗುತ್ತಿಗೆಯವರು ಏನು ಬರೆದುಕೊಟ್ಟಿದ್ದಾರೆ ಗೊತ್ತಾ? ನಾವು ಒಣಮರಳಿಗೆ ಹತ್ತಿಸೋದೇ ಇಲ್ಲ ಅಂತ. ನಿಮ್ಮ ಫೋಟೋ ನೋಡಿದ್ರೆ ಅವರು ಹೇಳೋದೇ ಸರಿ ಅನ್ಸುತ್ತೆ."

"ಇತ್ತು ಸಾರ್. ನಾನೇ... ತೊಳೆದುಬಿಟ್ಟೆ."

ಇಂಜಿನಿಯರು ನಗಲಿಲ್ಲ, ಬೈಯಲೂ ಇಲ್ಲ. ಮಚ್ಚೆಯ ಮೇಲೆ ಬೆರಳಾಡಿಸಿಕೊಂಡರು. "ತೊಳೆಯದೇ ಇರೋದು ಇದ್ರೆ ಸೋಮವಾರ ತನ್ನಿ. ಕೈಯಲ್ಲಿ ಏನಾದ್ರೂ ಇಲ್ದೆ ನಾನು ಗಾಡಿ ನಿಲ್ಲಿಸೋಕಾಗಲ್ಲ" ಎಂದರು.

ಗದ್ದಣ್ಣ ಅಲ್ಲಿಂದ ಸೀದಾ ದಂಡೆಗೆ ಹೋದ. ಎರಡು ದಿನ ಬೀಸಿದ ಗಾಳಿ ಟಯರಿನ ಅಚ್ಚನ್ನೆಲ್ಲ ಮುಚ್ಚಿತ್ತು. ಕಡಲಗಾಳಿಯೂ ಅವನಷ್ಟೇ ಅಚ್ಚುಕಟ್ಟಾಗಿ ತೊಳೆದಿತ್ತು. ಓಡುಗಾಲಿ ಮೊಟ್ಟೆಯ ಮೇಲೆ ಕೂತು, ಒಂದು ಕಣ್ಣಿನಿಂದ ಅವನನ್ನೇ ನೋಡುತ್ತಿತ್ತು. ಅದಕ್ಕೆ ಇವನ ಪರಿಚಯ ಚೆನ್ನಾಗಿಯೇ ಆಗಿತ್ತು, ಇತ್ತೀಚೆಗೆ ರೆಕ್ಕೆ ಮುರಿದ ನಾಟಕವನ್ನೂ ಆಡುತ್ತಿರಲಿಲ್ಲ. ಆ ನಂಬಿಕೆಯನ್ನು ನೋಡಿ ಅವನಿಗೆ ಅಳು ಬಂತು.

ಮನೆಗೆ ಬಂದವನು ಚಪ್ಪಲಿ ಬಿಡದೇ ಅಡುಗೆಮನೆಯ ಹೊಸ್ತಿಲ ಮೇಲೆ ಕೂತ. ನಡೆದದ್ದನ್ನೆಲ್ಲ ಹೇಳಿದ. ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸದೇ ಕೇಳಿದಳು.

"ಮೊಟ್ಟೆ ಮೇಲಿನ ಚುಕ್ಕೆ ಉಳಿಸಿದ್ರಲ್ಲ, ಅದೇ ದೊಡ್ಡ ಉಪಕಾರ" ಅಂದಳು.

"ತಮಾಷೆ ಮಾಡಬೇಡ ಕಣೇ. ಚೆನ್ನಾಗಿ ಕಾಣಲಿ ಅಂತ ಮಾಡಿದೆ. ಚೆನ್ನಾಗಿ ಕಾಣಲಿ ಅಂತ ತಾನೇ ನಾನು ಎಲ್ಲಾ ಮಾಡೋದು?"

ಅವಳ ಕೈ ಈಗ ನಿಂತಿತು.

"ನನ್ನದೂ ಹಾಗೇ ಮಾಡಿದ್ರಿ."

ಅವಳು ಹೇಳುತ್ತಿದ್ದದ್ದು ಮದುವೆಯ ಫೋಟೋದ ಮಾತು. ಅವಳಿಗೆ ಮೂರು ವರ್ಷವಿದ್ದಾಗ ಕುದಿಯುವ ನೀರು ಬಿದ್ದು, ಎಡಗೆನ್ನೆಯಿಂದ ದವಡೆಯ ತನಕ ಎರಡು ಬೆರಳಗಲದ ಸುಟ್ಟ ಕಲೆ ಉಳಿದಿತ್ತು. ಗದ್ದಣ್ಣ ಮದುವೆಯ ಫೋಟೋವನ್ನು ಯಾರ ಕೈಗೂ ಕೊಡದೆ, ಆ ಕಾಲಕ್ಕೆ ಕಂಪ್ಯೂಟರು ಎಲ್ಲಿತ್ತು, ಕೂದಲೆಳೆಯಂಥ ಕುಂಚ ಹಿಡಿದು ನಾಲ್ಕು ದಿನ ಕೂತು ಆ ಕಲೆಯನ್ನು ಅಳಿಸಿದ್ದ. ಹೆಂಡತಿಗೆ ತಾನು ಕೊಟ್ಟ ಮೊದಲ ಉಡುಗೊರೆ ಎಂದು ಇವತ್ತಿಗೂ ಸ್ನೇಹಿತರ ಮುಂದೆ ಹೇಳಿಕೊಳ್ಳುತ್ತಿದ್ದ. "ಫೋಟೋ ಕೈಗೆ ತಗೊಂಡು ಎಷ್ಟು ಹೊತ್ತು ನೋಡಿದಳು ಅಂತೀರಿ! ಬಾಯಿಂದ ಮಾತೇ ಬರಲಿಲ್ಲ" ಎಂಬುದು ಆ ಕಥೆಯ ಕೊನೆಯ ವಾಕ್ಯ.

"ನಿನಗೆ ಖುಷಿಯಾಗಿತ್ತಲ್ಲ" ಅಂದ, ದನಿ ಅರ್ಧ ಪ್ರಶ್ನೆಯಾಗಿ.

"ಇವಳ್ಯಾರು ಅಂತ ನೋಡ್ತಿದ್ದೆ. ಇವಳು ಸಿಕ್ಕಿದ್ರೆ ನಿಮಗೆ ಚೆನ್ನಾಗಿತ್ತೇನೋ ಅಂದ್ಕೊಂಡೆ."

ಸಿಟ್ಟಿನಿಂದ ಹೇಳಿದ್ದರೆ ಗದ್ದಣ್ಣ ಏನಾದರೂ ಉತ್ತರ ಕೊಡುತ್ತಿದ್ದ. ಅವಳು ಹವೆಯ ವಿಷಯ ಹೇಳುವಷ್ಟು ಸಾದಾ ದನಿಯಲ್ಲಿ ಹೇಳಿದಳು. ಮೂವತ್ತೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತು ಅಷ್ಟು ಸವೆದಿತ್ತು. ಅವನಿಗೆ ತಾನು ತೆಗೆದ ಅವಳ ಫೋಟೋಗಳೆಲ್ಲ ಕಣ್ಣಮುಂದೆ ಬಂದವು. ಹೆಚ್ಚುಕಡಿಮೆ ಪ್ರತಿಯೊಂದರಲ್ಲೂ ಅವಳ ಬಲಗೆನ್ನೆ ಕಿಟಕಿಯ ಕಡೆಗೆ. ಹಾಗೆ ತಿರುಗಿ ಕೂರಲು ಹೇಳಿಕೊಟ್ಟವನು ಅವನೇ.

ಹೆಂಡತಿ ಎದ್ದು ಕೈ ತೊಳೆದುಕೊಂಡಳು. ಬಾಗಿಲ ಹಿಂದೆ ಗೋಡೆಯ ಮೊಳೆಗೆ ಒಂದು ಕೊಕ್ಕೆತಂತಿ ನೇತಾಡುತ್ತಿತ್ತು, ಮುಗಿದ ಸಾಮಾನಿನ ಪಟ್ಟಿಗಳನ್ನು ಅವಳು ಅದಕ್ಕೆ ಚುಚ್ಚಿಡುತ್ತಿದ್ದಳು. ಅಂಗಡಿಗೆ ಹೋಗುವವಳು ಅವಳೇ. ಗದ್ದಣ್ಣ ಆ ಚೀಟಿಗಳನ್ನು ದಿನಾ ನೋಡುತ್ತಿದ್ದರೂ ಒಂದು ದಿನ ತಿರುಗಿಸಿ ನೋಡಿದವನಲ್ಲ.

"ಬೈಯಬಾರದು" ಎಂದು ಮೊದಲೇ ಹೇಳಿ, ಇಡೀ ತಂತಿಯನ್ನು ತಂದು ಅವನ ಮಡಿಲಿಗೆ ಹಾಕಿದಳು. "ಹರಿದುಹಾಕು ಅಂತಿದ್ರಿ. ಮುಖ ಹರಿಯೋಕೆ ನನಗೆ ಕೈ ಬರ್ತಿರಲಿಲ್ಲ. ಸುಮ್ನೆ ಇಟ್ಕೊಂಡ್ರೆ ನಿಮ್ಮ ಕಣ್ಣಿಗೆ ಬೀಳುತ್ತೆ, ಅದಕ್ಕೇ ಹಿಂದೆ ಪಟ್ಟಿ ಬರೆದೆ."

ಗದ್ದಣ್ಣ ಮೇಲಿನ ಚೀಟಿ ಮಗುಚಿದ. ಅಂಚೆಯವನ ಒಡೆದ ತುಟಿ ನಕ್ಕಿತು. ಅದರ ಹಿಂದೆ 'ಸೋಪು, ದಾರದ ಉಂಡೆ'. ಎರಡನೆಯದು ಶಾಲೆಯ ಟೀಚರು, ಕಣ್ಣ ಕೆಳಗೆ ಕಪ್ಪು ಕಟ್ಟಿದ್ದು ಈಚೆಗೆ ಅವರಮ್ಮನಿಗೆ ಹುಷಾರಿಲ್ಲದೆ ರಾತ್ರಿಯೆಲ್ಲ ಕೂತದ್ದಕ್ಕೆ. ಅದರ ಕೆಳಗಿನದರಲ್ಲಿ ಮರಳು. ಮರಳಿನ ಮೇಲೆ ಟಯರಿನ ಅಚ್ಚು, ಬಾಚಣಿಗೆಯ ಗೆರೆ, ಗೆರೆಯಿಂದ ಒಂದು ಗೇಣು ಈಚೆಗೆ ಮೊಟ್ಟೆಯ ಮೇಲೆ ಕೂತ ಓಡುಗಾಲಿ, ಹಿನ್ನೆಲೆಯಲ್ಲಿ ಊರಿಗೆಲ್ಲ ಪರಿಚಯದ ಆ ಬಂಡೆ. ಮೂಲೆಯಲ್ಲಿ ಪ್ರಿಂಟರು ತಾನಾಗಿ ಹಾಕಿದ ತಾರೀಕು. ತಂತಿ ಚುಚ್ಚಿದ ತೂತು ಪುಣ್ಯಕ್ಕೆ ಆಕಾಶದಲ್ಲಿತ್ತು.

"ಮೊನ್ನೆ ಪಟ್ಟಿ ಅದು" ಅಂದಳು ಹೆಂಡತಿ. "ಉಪ್ಪು ಸಿಗಲಿಲ್ಲ. ಅದೊಂದು ಇನ್ನೂ ತರಬೇಕು."

ಅವನಿಗೆ ಕುಣಿಯಬೇಕೆನಿಸಿತು. ಆದರೆ ಕೈ ಚೀಟಿಗಳನ್ನು ಮಗುಚುತ್ತಲೇ ಇತ್ತು. ಇಡೀ ಊರು ಅಲ್ಲಿತ್ತು, ಇದ್ದಂತೆಯೇ. ಮಚ್ಚೆಯ ಸಮೇತ ಇಂಜಿನಿಯರೂ ಇದ್ದರು. ತಂತಿಯ ಬುಡದ ಹತ್ತಿರ, ಎಲ್ಲಕ್ಕಿಂತ ಹಳೆಯದು, ಬಣ್ಣ ಮಾಸಿದ್ದು, ಅವಳದು. ಬ್ಯಾಂಕಿನ ಪುಸ್ತಕಕ್ಕೆಂದು ಅವನೇ ಎಂದೋ ತೆಗೆದದ್ದು. ನೇರ ಕ್ಯಾಮೆರಾ ನೋಡುತ್ತಿದ್ದಾಳೆ, ಎಡಗೆನ್ನೆಯ ಕಲೆ ಹಾಗೇ ಇದೆ. ಅವಳು ನಗು ತಡೆದುಕೊಂಡಾಗ ಕಲೆಯ ಅಂಚು ಚೂರು ಮಡಿಚಿಕೊಳ್ಳುತ್ತದೆ. ಅದನ್ನು ಅವನು ದಿನಾ ಬೆಳಿಗ್ಗೆ ನೋಡುತ್ತಿದ್ದ, ನೋಡಿದರೆ ಮನಸ್ಸು ಹಗುರವಾಗುತ್ತಿತ್ತು. ಆದರೂ ಒಂದೇ ಒಂದು ಫೋಟೋದಲ್ಲಿ ಅದನ್ನು ಉಳಿಸಿರಲಿಲ್ಲ. ಗದ್ದಣ್ಣ ಚೀಟಿಯನ್ನು ಹಿಡಿದುಕೊಂಡು ಹೊಸ್ತಿಲ ಮೇಲೆ ಹಾಗೇ ಕೂತುಬಿಟ್ಟ. ಈರುಳ್ಳಿ ಹೆಚ್ಚಿದ್ದು ಅವಳು, ಕಣ್ಣೀರು ಬಂದದ್ದು ಇವನಿಗೆ.

ಸೋಮವಾರ ಕಚೇರಿಯ ಬಾಗಿಲು ತೆಗೆಯುವ ಮುಂಚೆಯೇ ಅವನು ಅಲ್ಲಿದ್ದ. ಇಂಜಿನಿಯರು ಅಂಗೈಯಗಲದ ಚಿತ್ರವನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು, ಟಯರಿನ ಅಚ್ಚಿನ ಮೇಲೆ ಪೆನ್ಸಿಲಿನ ತುದಿ ಓಡಿಸಿದರು. ಆಮೇಲೆ ತಿರುಗಿಸಿದರು.

"ಬೆಂಕಿಪೊಟ್ಟಣ, ಗುಂಡಿ ಎರಡು ಡಜನ್, ಉಪ್ಪು" ಎಂದು ಗಟ್ಟಿಯಾಗಿ ಓದಿದರು. "ಇದೇನ್ರೀ?"

"ನಮ್ಮನೆಯವಳ ಪಟ್ಟಿ ಸಾರ್. ಅದರಿಂದಲೇ ಇದು ಉಳೀತು."

ಕಥೆಯನ್ನೆಲ್ಲ ಕೇಳಿ ಇಂಜಿನಿಯರಿಗೆ ನಗು ತಡೆಯಲಾಗಲಿಲ್ಲ. "ನನ್ನ ಮಚ್ಚೆಯೂ ಆ ತಂತಿಯಲ್ಲಿ ಇದೆಯಾ?"

"ಇದೆ ಸಾರ್. ಹಿಂದೆ ಸೂಜಿ, ಸೀಗೆಪುಡಿ."

"ಇರಲಿ ಬಿಡಿ, ಎಲ್ಲೋ ಒಂದು ಕಡೆ ಭದ್ರವಾಗಿದೆಯಲ್ಲ" ಎಂದು, ಗುತ್ತಿಗೆಯವರಿಗೆ ಫೋನು ಹಚ್ಚಿದರು. ಚೀಟಿ ಫೈಲಿಗೆ ಸೇರಿತು, ಹಿಂದಿನ ಉಪ್ಪಿನ ಸಮೇತ. ಮಂಗಳವಾರ ಬೆಳಿಗ್ಗೆ ಬಂಡೆಯ ಪಕ್ಕ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿದರು. ಟ್ರ್ಯಾಕ್ಟರು ಗೊಣಗುತ್ತ ಬಂದು, ಹಗ್ಗದ ಹತ್ತಿರ ನಿಂತು, ನೀರಿನ ಕಡೆಗೆ ತಿರುಗಿಕೊಂಡಿತು.

ಶನಿವಾರ ಮೊಟ್ಟೆ ಒಡೆದವು. ಎರಡರಿಂದ ಮರಿ ಬಂದವು, ಮೂರನೆಯದು ಹಾಗೇ ಉಳಿಯಿತು. ಹುಟ್ಟಿ ಅರ್ಧ ದಿನವಾಗಿರಲಿಲ್ಲ, ಆಗಲೇ ಹತ್ತಿಯುಂಡೆಗೆ ಕಡ್ಡಿ ಸಿಕ್ಕಿಸಿದಂತಿದ್ದ ಆ ಎರಡೂ ಅಮ್ಮನ ಹಿಂದೆ ಓಡಾಡುತ್ತಿದ್ದವು, ಗಕ್ಕನೆ ನಿಲ್ಲುತ್ತಿದ್ದವು. ಅಮ್ಮ ಸದ್ದು ಮಾಡಿದರೆ ಮರಳಿಗೆ ಅಂಟಿ ಮಲಗಿಬಿಡುತ್ತಿದ್ದವು, ಆಗ ಬೆನ್ನಿನ ಚುಕ್ಕೆಗಳೆಲ್ಲ ಮರಳಾಗಿಬಿಡುತ್ತಿದ್ದವು. ಗದ್ದಣ್ಣ ಫೋಟೋ ತೆಗೆಯುವುದನ್ನೂ ಮರೆತು ನೋಡಿದ. ಆಮೇಲೆ ಎದ್ದು ಮನೆಗೆ ಓಡಿ ಹೆಂಡತಿಯನ್ನು ಕರೆತಂದ. ಅವಳು ದಂಡೆಗೆ ಬಂದು ವರ್ಷಗಳೇ ಆಗಿದ್ದವು. ಒಲೆ, ಪ್ರಿಂಟರು, ಅಂಗಡಿ ಎಂದು ಅವಳ ಬೆಳಗುಗಳು ಬೇರೆ ಕಡೆ ಕಳೆಯುತ್ತಿದ್ದವು, ಇವನೂ ಕರೆದಿರಲಿಲ್ಲ.

ಅವಳು ಹಗ್ಗದ ಈಚೆ ಕುಕ್ಕರಗಾಲಲ್ಲಿ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಮರಿಗಳನ್ನು ನೋಡಿ ಸದ್ದಿಲ್ಲದೆ ನಕ್ಕಳು. ಗದ್ದಣ್ಣ ಲೆನ್ಸು ಬದಲಾಯಿಸಿ ಕ್ಯಾಮೆರಾ ಅವಳ ಕಡೆ ತಿರುಗಿಸಿದ. ಅದು ಕಂಡ ಕೂಡಲೇ ಅವಳ ಮುಖ ತಾನಾಗಿಯೇ ಹೊರಳಿ, ಬಲಗೆನ್ನೆ ಮುಂದೆ ಬಂತು.

"ಬೇಡ" ಅಂದ ಅವನು. "ಮರಿ ಕಡೆ ನೋಡು. ಮೊದಲು ಹೆಂಗಿದ್ಯೋ ಹಂಗೇ ಇರು."

"ಗದ್ದ?"

"ಅದು ಎಲ್ಲಿದೆಯೋ ಅಲ್ಲೇ ಇರಲಿ."

ಹತ್ತು ಗಂಟೆಗೆ ಸ್ಟುಡಿಯೋ ತೆರೆದು, ಅವತ್ತು ಅವನೇ ಸಣ್ಣ ಪ್ರಿಂಟು ತೆಗೆದ. ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಕೈಗಳು ಎರಡು ಸಲ ಆ ಕಡೆ ಹೋದವು, ಜೇಬಿಗೆ ಹಾಕಿಕೊಂಡ. ಹೆಂಡತಿ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ತುಂಬ ಹೊತ್ತು ನೋಡಿದಳು, ಮದುವೆಯ ಫೋಟೋವನ್ನು ನೋಡಿದಷ್ಟೇ ಹೊತ್ತು. ಹೊರಗೆ ಬೆಂಚಿನ ಮೇಲೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ಅವಳು ಸುಮ್ಮನಿದ್ದರೆ ಅದು ಖುಷಿಯೇ ಎಂದು ಈ ಸಲ ಅವನು ತಾನೇ ಅಂದುಕೊಳ್ಳಲಿಲ್ಲ.

"ಯಾರದು?" ಎಂದು ಕೇಳಿದ.

"ನಾನೇ ಕಣ್ರೀ" ಅಂದಳು.

ಆಮೇಲೆ ಮೇಜಿನ ಮೇಲೆ ಪೆನ್ನು ಹುಡುಕಿದಳು. ಗದ್ದಣ್ಣ ಚಿತ್ರದ ಮೇಲೆ ಅಂಗೈ ಮುಚ್ಚಿ, "ಇದರ ಹಿಂದೆ ಏನೂ ಬರೀಬೇಡ. ಉಪ್ಪು ನಾನೇ ನೆನಪಿಟ್ಕೊಂಡು ತರ್ತೀನಿ" ಎಂದ.